ಅಕ್ಕಿಹಿಟ್ಟು ಬೆರೆಸಿದ ಹಿಮ

ಮಕ್ಕಳೇ,

ಹಿಮ ಹೇಗಿರುತ್ತದೆ ಅಜ್ಜಿ ಎಂದು ನೀವು ಕೇಳಿದಾಗಲೆಲ್ಲ ‘ಬೆಳ್ಳಗಿರುತ್ತದೆ’ ಎಂದಷ್ಟೇ ಹೇಳಿ ಎದ್ದು ಒಳಗೆ ಹೋಗಿಬಿಟ್ಟಿದ್ದೇನೆ. ನಾಲ್ಕು ಜನ ನನ್ನ ಮುಖ ನೋಡಿದರೆ ನನಗೆ ಮಾತು ಗಂಟಲಲ್ಲೇ ನಿಂತುಬಿಡುತ್ತದೆ, ನೀವು ಮೊಮ್ಮಕ್ಕಳೇ ಆದರೂ ಅಷ್ಟೆ. ಬರೆಯುವಾಗ ಯಾರೂ ನೋಡುವುದಿಲ್ಲ. ಪಾಲಹಳ್ಳಿ ಸ್ಕೂಲಿನಲ್ಲಿ ಕಲಿತ ನಾಲ್ಕಕ್ಷರ ಇದಕ್ಕಾದರೂ ಬರಲಿ ಎಂದು ಕೂತಿದ್ದೇನೆ.

ಬೆಳ್ಳಗಿರುತ್ತದೆ ಎಂದದ್ದು ಪೂರ್ತಿ ನಿಜವಲ್ಲ. ನೆರಳಿನಲ್ಲಿ ಅದು ನೀಲಿ. ಇನ್ನೊಂದು ಮಾತು. ನಿಜವಾದ ಹಿಮವನ್ನು ಕಣ್ಣಲ್ಲಿ ಕಾಣುವ ಮೊದಲೇ ನಾನು ಸುಳ್ಳು ಹಿಮ ಮಾಡಿದವಳು. ಮಾಡಲು ಹೋಗಿ ಎಂಥ ಅನಾಹುತ ತಂದಿಟ್ಟೆ ಎಂಬುದನ್ನು ನಿಮ್ಮಮ್ಮನಿಗೂ ಇದುವರೆಗೆ ಹೇಳಿಲ್ಲ.

ಶ್ರೀರಂಗಪಟ್ಟಣ

ನನ್ನನ್ನು ಕೊಟ್ಟಿದ್ದು ಸಂತೆಬಾಚಹಳ್ಳಿಗೆ. ನಿಮ್ಮ ತಾತ ತೀರಿಕೊಂಡಾಗ ನಿಮ್ಮಮ್ಮನಿಗೆ ಮೂರು ವರ್ಷ. ನನ್ನಣ್ಣ ಚೆಲುವಣ್ಣ ಗಾಡಿ ಕಟ್ಟಿಕೊಂಡು ಬಂದು ನಮ್ಮಿಬ್ಬರನ್ನೂ ಶ್ರೀರಂಗಪಟ್ಟಣದ ತನ್ನ ಮನೆಗೆ ಕರೆದುಕೊಂಡು ಹೋದ. ಅವನು ದಿನಾ ಬೆಳಿಗ್ಗೆ ರೈಲು ಹಿಡಿದು ಮೈಸೂರಿಗೆ ಹೋಗುತ್ತಿದ್ದ. ಅಲ್ಲಿ ಒಂದು ಕಾರ್ಖಾನೆಯಲ್ಲಿ ಸತ್ತ ಪ್ರಾಣಿಗಳ ತೊಗಲು ಹದ ಮಾಡಿ, ಒಳಗೆ ಮೈಯಚ್ಚು ಕೂರಿಸಿ, ಗಾಜಿನ ಕಣ್ಣಿಟ್ಟು, ಜೀವಂತ ನಿಂತ ಹಾಗೆ ಮಾಡುವ ಕೆಲಸ ಅವನದು. ಷಿಕಾರಿ ಮಾಡುವ ದೊಡ್ಡವರು ಹುಲಿ, ಕರಡಿ, ಕಾಟಿ ಎಲ್ಲವನ್ನೂ ತಂದು ಹಾಕುತ್ತಿದ್ದರು.

ತೊಗಲಿನಲ್ಲಿ ಗುಂಡಿನ ತೂತುಗಳಿರುತ್ತಿದ್ದವು. ಅವನ್ನು ಹೊಲಿಯುತ್ತಿದ್ದವಳು ನಾನು. ಅಣ್ಣ ಗೋಣಿಚೀಲದಲ್ಲಿ ತಂದುಕೊಟ್ಟರೆ ಒಳಮನೆಯ ಬಾಗಿಲು ಹಾಕಿಕೊಂಡು ಹೊಲಿಯುತ್ತಿದ್ದೆ. ಒಕ್ಕಲಿಗರ ಮನೆಯ ಹೆಣ್ಣು ತೊಗಲು ಮುಟ್ಟುತ್ತಾಳೆ ಎಂದು ತಿಳಿದರೆ ಬೀದಿಯವರು ನೀರು ಇಸಿದುಕೊಳ್ಳುತ್ತಿರಲಿಲ್ಲ. ನನಗೆ ಸೂಜಿ ಗೊತ್ತಿತ್ತು, ರೋಮದ ಅಡಿಯಲ್ಲಿ ದಾರ ಅಡಗಿಸುವುದು ಗೊತ್ತಿತ್ತು. ಆ ಕಸುಬಿನ ಬೇರೇನೂ ಗೊತ್ತಿರಲಿಲ್ಲ.

ಅಣ್ಣ ಒಂದು ಹಿಮಚಿರತೆ ಮಾಡಿದ. ಬೂದಿಬಣ್ಣದ ಮೈ, ಹೊಗೆಯಲ್ಲಿ ಬರೆದಂಥ ಚುಕ್ಕಿಗಳು, ಮೈಯಷ್ಟೇ ಉದ್ದದ ಬಾಲ. ‘ಇಂಥದ್ದು ಇನ್ನೊಂದು ನನ್ ಕೈಲಿ ಆಗಾಕಿಲ್ಲ ಕಣವ್ವ’ ಎಂದು ಅವನು ಆಗಲೇ ಅಂದಿದ್ದ. ಬಿಂಕದ ಮಾತು ಅಂದುಕೊಂಡೆ. ಅದನ್ನು ಜರ್ಮನಿಯ ಒಂದು ಮ್ಯೂಸಿಯಂ ಕೊಂಡುಕೊಂಡಿತು. ಹಡಗಿನಲ್ಲಿ ಪೆಟ್ಟಿಗೆ ಉರುಳಿ ಹೊಟ್ಟೆಯ ಹೊಲಿಗೆ ಬಿಚ್ಚಿತು, ಹಿಂಗಾಲಿನ ತೊಗಲು ಹರಿಯಿತು. ಮಾಡಿದವರನ್ನೇ ಕಳಿಸಿ, ಖರ್ಚು ನಮ್ಮದು ಎಂದು ಅವರು ಬರೆದರು. ಅಣ್ಣ ಯಜಮಾನರ ಹತ್ತಿರ, ನನಗೆ ಅಲ್ಲಿಯ ಊಟ ಒಗ್ಗುವುದಿಲ್ಲ, ಅಡಿಗೆಗೆ ತಂಗಿ ಬೇಕು ಎಂದು ಹಟ ಹಿಡಿದ. ಹಾಗೆ ನನಗೂ ಕಾಗದಪತ್ರ ಆಯಿತು.

ಪಕ್ಕದ ಮನೆಯ ನಿಂಗಮ್ಮ ಸುಮ್ಮನಿರುತ್ತಾಳೆಯೇ?

‘ಏನವ್ವ ಸಾಕಿ, ಕಾವೇರಿ ಸೇತ್ವೆ ಮೇಲೆ ನಡೆಯಕ್ಕೆ ಕಣ್ಮುಚ್ಕಳೋಳು ಸಮುದ್ರ ದಾಟ್ತೀಯಂತೆ?’

‘ಅಣ್ಣಂಗೆ ಅಡಿಗೆ ಮಾಡಕ್ಕೆ ಅಕ್ಕಯ್ಯ.’

‘ಅಲ್ಲೇನು ಒಲೆ ಅಂಟ್ಸೋರಿಲ್ವಾ? ಅಷ್ಟು ದೂರುಕ್ಕೆ ಒಲೆ ಊದಕ್ಕೆ ಇಲ್ಲಿಂದ ಜನ ಕರ್ಕೊಂಡೋಯ್ತಾರಾ? ನಂಗೇನೋ ನೀನು ಅಲ್ಲೇ ಉಳ್ಕೊಂಡ್ಬುಡ್ತೀಯ ಅಂತ ಅನುಮಾನ ಕಣೆ!’

ನಿಮ್ಮಮ್ಮನನ್ನು ಅತ್ತಿಗೆಯ ಕೈಗೆ ಒಪ್ಪಿಸಿ, ಟ್ರಂಕಿನಲ್ಲಿ ರಾಗಿಹಿಟ್ಟು, ಅಕ್ಕಿಹಿಟ್ಟು, ಹುಣಸೆಹಣ್ಣು, ಕಾರದಪುಡಿ ತುಂಬಿಕೊಂಡು ಹೊರಟೆ.

ಹಡಗು

ಬೊಂಬಾಯಿಯಿಂದ ಎರಡನೆಯ ದಿನ ಮೇಲಿನ ಅಟ್ಟಕ್ಕೆ ಗಾಳಿಗೆಂದು ಹೋದವಳು ಕಿರುಚಿ ಕೆಳಗೆ ಓಡಿಬಂದೆ. ಹತ್ತು ಹನ್ನೆರಡು ಜನ ಬಿಳಿಯರು, ಹೆಂಗಸರೂ ಸೇರಿ, ಅಂಗೈಯಗಲದ ಬಟ್ಟೆಯಲ್ಲಿ ಸಾಲಾಗಿ ಬಿದ್ದಿದ್ದರು. ಒಬ್ಬರೂ ಅಲುಗುತ್ತಿರಲಿಲ್ಲ. ರಾತ್ರಿ ಏನೋ ಕಾಯಿಲೆ ಬಂದು ಸತ್ತಿದ್ದಾರೆ, ಸಮುದ್ರಕ್ಕೆ ಹಾಕಲು ಜೋಡಿಸಿದ್ದಾರೆ ಎಂದೇ ತಿಳಿದೆ.

ಅಣ್ಣ ನಕ್ಕು ನಕ್ಕು ಕೆಮ್ಮಿದ. ‘ಬಿಸ್ಲು ಕಾಯಿಸ್ಕೋತಾವ್ರೆ ಕಣವ್ವ. ಅವ್ರೂರಲ್ಲಿ ಬಿಸ್ಲೇ ಉಟ್ಟಾಕಿಲ್ವಂತೆ.’

ಗದ್ದೆಯಲ್ಲಿ ನಾಟಿ ಹಾಕುವಾಗ ತಲೆಗೆ ಸೆರಗು ಹೊದ್ದು ಬಿಸಿಲಿನಿಂದ ಓಡುವವರು ನಾವು. ಅದನ್ನೇ ಹುಡುಕಿಕೊಂಡು ಬಂದು ಮಲಗುವವರೂ ಇದ್ದಾರೆ ಎಂಬುದು ನನಗೆ ಆ ಹೊತ್ತಿಗೆ ನಂಬಲಾಗದ ಸುದ್ದಿ. ಆಮೇಲೆ ಮೂರು ದಿನ ನಾನು ಮೇಲಕ್ಕೆ ಹೋಗಲಿಲ್ಲ.

ಅಣ್ಣ ಎರಡು ಸಲ ಬೇರೆಯವರ ಕೋಣೆಗೆ ನುಗ್ಗಿ ಬೈಸಿಕೊಂಡು ಬಂದ. ಕಂಬಿ ಹಿಡಿಯದೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಬಾಗಿಲ ಮೇಲಿನ ನಂಬರನ್ನು ನನಗೇ ಓದಲು ಹೇಳುತ್ತಿದ್ದ. ಸಮುದ್ರದ ತಲೆಸುತ್ತು ಎಂದುಕೊಂಡೆ.

ಟ್ರಾಮು

ಆ ಊರಿನ ಹೆಸರು ನನ್ನ ನಾಲಿಗೆಗೆ ಇವತ್ತಿಗೂ ಹೊರಳುವುದಿಲ್ಲ, ಬಿಡಿ. ನಾವು ಮುಟ್ಟಿದಾಗ ಹಿಮ ಇನ್ನೂ ಬಿದ್ದಿರಲಿಲ್ಲ. ಬೂದಿಬಣ್ಣದ ಆಕಾಶ, ಜಿನುಗು ಮಳೆ, ಎಲೆಯಿಲ್ಲದ ಮರ. ಮರಗಳೆಲ್ಲ ಒಣಗಿಹೋಗಿವೆಯಲ್ಲ, ಇಷ್ಟು ಮಳೆ ಇದ್ದೂ ಯಾಕೆ ಎಂದು ಅಣ್ಣನನ್ನು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ.

ಮೊದಲ ದಿನ ಟ್ರಾಮಿನಲ್ಲಿ ಕೂತೆವು. ವಾಹನದ ತುಂಬ ಜನ, ಒಬ್ಬರ ಬಾಯಲ್ಲೂ ಒಂದು ಮಾತಿಲ್ಲ. ಎಲ್ಲರೂ ಯಾವುದೋ ಸಾವಿಗೆ ಹೋಗುತ್ತಿದ್ದಾರೆ, ನಾವು ತಪ್ಪಿ ಹತ್ತಿದ್ದೇವೆ ಎನಿಸಿತು. ನಮ್ಮ ಪಾಂಡವಪುರದ ಬಸ್ಸಿನಲ್ಲಿ ಇಳಿಯುವಷ್ಟರಲ್ಲಿ ಪಕ್ಕದವಳ ಮಗಳಿಗೆ ಎಲ್ಲೆಲ್ಲಿ ಗಂಡು ನೋಡಿದ್ದಾರೆ ಎಂಬುದೂ ತಿಳಿದಿರುತ್ತದೆ. ಇಲ್ಲಿ ಕಾಲು ತುಳಿದರೂ ಮೆಲ್ಲಗೆ ಏನೋ ಅಂದು ಕಿಟಕಿ ನೋಡುತ್ತಾರೆ.

ಮ್ಯೂಸಿಯಮ್ಮಿನ ಬಾಗಿಲಲ್ಲಿ ಅಲ್ಲಿಯ ಮುಖ್ಯಸ್ಥರು, ಎತ್ತರದ ಮುದುಕರು, ನೇರ ಬಂದು ನನ್ನ ಕೈ ಹಿಡಿದು ಕುಲುಕಿಬಿಟ್ಟರು. ನಿಮ್ಮ ತಾತ ಹೋದ ಮೇಲೆ ಬೇರೆ ಗಂಡಸಿನ ಬೆರಳು ನನಗೆ ತಾಗಿರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಳ್ಳುವುದೂ ತೋಚದೆ ನಿಂತೆ. ಅಣ್ಣ ಪಕ್ಕದಿಂದ, ‘ಏನೂ ಆಗಾಕಿಲ್ಲ, ಇದು ಅವ್ರ ನಮಸ್ಕಾರ’ ಎಂದ. ಅವತ್ತೆಲ್ಲ ಆ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದೆ.

ಹೆಲ್ಗಾ

ಚಿರತೆಯನ್ನು ನಿಲ್ಲಿಸುವ ಗಾಜಿನ ಗೂಡಿಗೆ ಹಿಮ ಮಾಡುವವಳು ಹೆಲ್ಗಾ. ಐವತ್ತರ ಹೆಂಗಸು, ಷರಾಯಿ ತೊಡುತ್ತಿದ್ದಳು, ಗಂಡಸರ ಹಾಗೆ ಕತ್ತರಿಸಿದ ಕೂದಲು. ಅವಳಿಗೂ ಅಣ್ಣನಿಗೂ ಒಂದಷ್ಟು ಹರಕು ಇಂಗ್ಲಿಷು ಬರುತ್ತಿತ್ತು. ನನಗೆ ಯಾವುದೂ ಇಲ್ಲ.

ಮೊದಲ ದಿನವೇ ಅವಳು ಕೆಲಸದ ಕೋಣೆಯ ಹೊಸಿಲಲ್ಲಿ ನಮ್ಮನ್ನು ತಡೆದು, ಅಣ್ಣನ ಚೀಲದಲ್ಲಿದ್ದ ರೊಟ್ಟಿಯ ಗಂಟನ್ನು ಹೊರಗೆ ಇಡಿಸಿದಳು. ನಲ್ಲಿಯಲ್ಲಿ ಕೈ ತೊಳೆಸಿದಳು. ಮೇಲಂಗಿ ಬದಲಾಯಿಸಲು ಹೇಳಿದಳು.

‘ಏನಂತಾರಣ್ಣ?’

‘ಊಟದ್ ಸಾಮಾನು ಒಳೀಕ್ ತರಬಾರ್ದಂತೆ. ತಿಂದ್ ಕೈಯಾಗೆ ಪ್ರಾಣಿ ಮುಟ್ಬಾರ್ದಂತೆ.’

ಓಹೋ, ಇವರಿಗೂ ಮಡಿ ಉಂಟು ಎಂದು ನನಗೆ ಆಶ್ಚರ್ಯವೂ ಆಯಿತು, ಒಂಥರಾ ಧೈರ್ಯವೂ ಬಂತು. ಸತ್ತ ಪ್ರಾಣಿಗೆ ಎಂಜಲಾಗಬಾರದು ಎಂದು ಇಷ್ಟು ನೇಮ ಮಾಡುವ ಜನ ಒಳ್ಳೆಯವರೇ ಇರಬೇಕು. ಮಡಿ ಎಂದು ತಿಳಿದೆನಲ್ಲ, ಅಲ್ಲೇ ನಾನು ಕೆಟ್ಟೆ. ಮಡಿಯಲ್ಲಿ ಅಕ್ಕಿಹಿಟ್ಟು ಎಂದೂ ಮೈಲಿಗೆಯಲ್ಲ.

ಹೊಲಿಗೆ ಹನ್ನೆರಡು ದಿನದಲ್ಲಿ ಮುಗಿಯಿತು. ಅಣ್ಣ ಎದುರಿಗೆ ಕೂತು ಬೆರಳಿನಿಂದ ತಡವಿ ನೋಡಿ, ಇಲ್ಲಿ ಬಿಗಿ ಮಾಡು, ಇಲ್ಲಿ ಸಡಿಲಿಸು ಎನ್ನುತ್ತಿದ್ದ. ಅವನ ಬೆರಳಿಗೆ ತಪ್ಪುವ ಹೊಲಿಗೆ ಇರಲಿಲ್ಲ. ಅಡಿಗೆಗೆ ಬಂದವಳು ಸೂಜಿ ಹಿಡಿದದ್ದನ್ನು ಕಂಡು ಹೆಲ್ಗಾ ಹುಬ್ಬು ಏರಿಸಿ, ದೀಪವನ್ನು ನನ್ನ ಹತ್ತಿರಕ್ಕೆ ಸರಿಸಿದಳು.

ಒಂದು ದಿನ ಒಬ್ಬ ಅಜ್ಜಿ ರೇಷ್ಮೆ ರುಮಾಲಿನಲ್ಲಿ ಸುತ್ತಿದ ಸತ್ತ ನಾಯಿಯನ್ನು ತಂದಳು. ಅದನ್ನು ಕೂತಹಾಗೆ ಮಾಡಿಕೊಡಿ, ಕುರ್ಚಿಯ ಪಕ್ಕ ಇಟ್ಟುಕೊಳ್ಳುತ್ತೇನೆ ಎಂದಳಂತೆ. ಮನೆಗಳಿಗೆ ಮಾಡುವುದಿಲ್ಲ ಎಂದು ಅವರು ಹಿಂದೆ ಕಳಿಸಿದರು. ನಾಯಿ ಸತ್ತರೆ ತೆಂಗಿನ ಬುಡಕ್ಕೆ ಹೂಳುವವರು ನಾವು. ಆ ಅಜ್ಜಿ ಅದನ್ನು ಮಗುವಿನ ಹಾಗೆ ಎದೆಗವಚಿಕೊಂಡು ಮೆಟ್ಟಿಲಿಳಿದದ್ದು ಕಂಡು ನನಗೆ ನಗು ಬರಲಿಲ್ಲ.

ಇನ್ನು ಹಿಮದ ವಿಷಯ. ಅರಳೆ ಹರಡುತ್ತಾರೆ ಎಂದು ನಾನು ತಿಳಿದಿದ್ದೆ. ಅಣ್ಣ ಮೈಸೂರಿನಲ್ಲಿ ಒಮ್ಮೆ ಕರಡಿಯೊಂದಕ್ಕೆ ಉಪ್ಪು ಸುರಿದು ಹಿಮ ಮಾಡಿದ್ದನಂತೆ. ಮಳೆಗಾಲಕ್ಕೆ ಉಪ್ಪು ನೀರೊಡೆದು, ಕಾಲೊಳಗಿನ ಕಂಬಿ ತುಕ್ಕು ಹಿಡಿದು, ಕರಡಿ ಕೆಂಪು ಕೆಸರಿನಲ್ಲಿ ಕುಂಟುತ್ತಿತ್ತಂತೆ. ಹೆಲ್ಗಾಳ ಕೆಲಸವೇ ಬೇರೆ. ತಂತಿಬಲೆಯನ್ನು ಬೆಟ್ಟದ ಇಳಿಜಾರಿನ ಹಾಗೆ ಬಗ್ಗಿಸಿ, ಅದರ ಮೇಲೆ ಗಾರೆಯಲ್ಲಿ ಅದ್ದಿದ ಗೋಣಿಬಟ್ಟೆ ಹೊದಿಸಿದ್ದಳು. ಒಣಗಿದ ಮೇಲೆ ಬಿಳಿಬಣ್ಣ, ತಗ್ಗುಗಳಲ್ಲಿ ಬಿಳಿಗೆ ಒಂದು ಹನಿ ನೀಲಿ. ಯಾಕೆ ನೀಲಿ ಎಂದರೆ ‘ನೋಡುವಿಯಂತೆ’ ಎನ್ನುವ ಹಾಗೆ ಕಿಟಕಿ ತೋರಿಸಿದಳು. ಬಣ್ಣದ ಮೇಲೆ ಅಂಟು. ಅಂಟಿನ ಮೇಲೆ ಅಮೃತಶಿಲೆಯ ಪುಡಿಗೆ ಚೂರು ಕಾಗೆಬಂಗಾರದ ಪುಡಿ ಸೇರಿಸಿ ಜರಡಿ ಹಿಡಿದಳು. ದೀಪ ಹಾಕಿದಾಗ ಆ ಬೆಟ್ಟ ಮಿನುಗಿದ್ದು ನೋಡಿ ನಾನು ‘ಅಯ್ಯಯ್ಯೋ’ ಎಂದು ಗಟ್ಟಿಯಾಗಿ ಅಂದೆ. ಅಲ್ಲಿ ನನ್ನ ಬಾಯಿಂದ ಗಟ್ಟಿಯಾಗಿ ಬಂದ ಮೊದಲ ಮಾತು ಅದು.

ಚಿರತೆಯನ್ನು ನಿಲ್ಲಿಸಿದರು. ಆದರೆ ಪಾದಗಳು ಹಿಮದಲ್ಲಿ ಹೂತಂತೆ ಕಾಣಲಿಲ್ಲ, ಮೇಜಿನ ಮೇಲೆ ಇಟ್ಟಂತಿದ್ದವು. ಜರಡಿ ಅಲ್ಲಿಗೆ ಹೋಗದು, ಚಮಚದಲ್ಲಿ ಹಾಕಿದರೆ ಗುಪ್ಪೆ ಬೀಳುತ್ತದೆ. ಹೆಲ್ಗಾ ಹಣೆ ಒರೆಸಿಕೊಳ್ಳುತ್ತ ಕೂತಾಗ, ನನ್ನ ಕೈ ನನ್ನನ್ನು ಕೇಳದೆ ಬಟ್ಟಲಿಗೆ ಹೋಯಿತು. ಒಂದು ಚಿಟಿಕೆ ತೆಗೆದು ಹೆಬ್ಬೆರಳಿನಿಂದ ಉಜ್ಜಿ ಬಿಟ್ಟೆ. ಎಳೆ ಎಳೆಯಾಗಿ ಪಾದದ ಸುತ್ತ ಬಿತ್ತು.

ಅವಳು ನನ್ನ ಮಣಿಕಟ್ಟು ಹಿಡಿದು ಬೆರಳುಗಳನ್ನು ತಿರುಗಿಸಿ ನೋಡಿದಳು. ಆಮೇಲೆ ಬಟ್ಟಲನ್ನೇ ನನ್ನ ಮಡಿಲಿಗೆ ಇಟ್ಟುಬಿಟ್ಟಳು.

ಗಂಡ ಹೋದ ಮೇಲೆ ಹೊಸಿಲ ಮುಂದೆ ರಂಗೋಲಿ ಬಿಡುವುದು ನನಗೆ ತಪ್ಪಿಹೋಗಿತ್ತು. ಅತ್ತಿಗೆ ಬಿಡುತ್ತಿದ್ದಳು, ನಾನು ಹಿತ್ತಲಲ್ಲಿರುತ್ತಿದ್ದೆ. ಅಷ್ಟು ವರ್ಷದ ಮೇಲೆ ಬೆರಳ ಸಂದಿಯಲ್ಲಿ ಪುಡಿ ಜಾರಿದಾಗ ನನಗೆ ಏನಾಯಿತು ಎಂದು ಬರೆಯಲು ಬರುವುದಿಲ್ಲ.

ಭಾನುವಾರ

ಮೂರು ಪಾದ ಮುಗಿದು ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಪುಡಿ ಬಟ್ಟಲ ತಳ ಮುಟ್ಟಿತು. ಹೊಸದು ಬರಲು ಎರಡು ದಿನ, ನನ್ನ ಬೆರಳಿಗೆ ಅಷ್ಟು ತಾಳ್ಮೆಯಿರಲಿಲ್ಲ. ಹೆಲ್ಗಾ ಶನಿವಾರ ಅಕ್ಕನ ಊರಿಗೆ ಹೋದಳು. ಗುರುವಾರ ಗೂಡಿಗೆ ಗಾಜು ಕೂರಿಸಿ ಮುಚ್ಚುವುದೆಂದು ಗೊತ್ತಾಗಿತ್ತು.

ಭಾನುವಾರ ಕಾವಲಿನವನು ಅಣ್ಣನ ಗುರುತಿನ ಮೇಲೆ ಒಳಗೆ ಬಿಟ್ಟ. ಅಣ್ಣ ಹೊರಗೆ ಬೆಂಚಿನಲ್ಲಿ ಕೂತಿದ್ದ. ನಾನು ಸೆರಗಿನ ಮರೆಯಲ್ಲಿ ಒಂದು ಬಟ್ಟಲು ಅಕ್ಕಿಹಿಟ್ಟು ತಂದಿದ್ದೆ.

ನಮ್ಮವ್ವ ಬರೀ ಕಲ್ಲುಪುಡಿಯಲ್ಲಿ ರಂಗೋಲಿ ಬಿಟ್ಟರೆ ಅಳಿಸಿಬಿಡುತ್ತಿದ್ದಳು. ಒಂದು ಹಿಡಿ ಅಕ್ಕಿಹಿಟ್ಟು ಬೆರೆಯಲೇಬೇಕು. ‘ಬಾಗ್ಲಾಗೆ ಇಕ್ಕಿದ್ದು ಇರುವೆ ಬಾಯಿಗಾದ್ರೂ ಬೀಳ್ಲಿ ಕಣವ್ವ’ ಎನ್ನುತ್ತಿದ್ದಳು. ಬಟ್ಟಲ ತಳದಲ್ಲಿದ್ದ ಪುಡಿಗೆ ಹಿಟ್ಟು ಕಲಸಿ ನಾಲ್ಕನೆಯ ಪಾದ ಮುಗಿಸಿದೆ. ಹಿಟ್ಟು ಬೆರೆತದ್ದು ಕಲ್ಲುಪುಡಿಗಿಂತ ಮೆತ್ತಗೆ ಕೂತಿತು. ಚೆನ್ನಾಗಿ ಕಂಡಿದ್ದಕ್ಕೆ ಉಳಿದ ಮೂರು ಪಾದಗಳಿಗೂ, ಮುಂದಿನ ಇಳಿಜಾರಿಗೂ ತೆಳ್ಳಗೆ ಉದುರಿಸಿದೆ.

ಸೋಮವಾರ ಹೆಲ್ಗಾ ಬಂದು ನೋಡಿ, ಉಳಿದ ಪುಡಿಯಲ್ಲೇ ಮುಗಿಸಿದ್ದೇನೆಂದು ತಿಳಿದು ನನ್ನ ಎರಡು ಕೆನ್ನೆಯನ್ನೂ ಹಿಡಿದಳು. ಖುಷಿಗೆ ಅವಳು ನನ್ನನ್ನೂ ಅಣ್ಣನನ್ನೂ ಹಿಂದಿನ ಉಗ್ರಾಣಕ್ಕೆ ಕರೆದುಕೊಂಡು ಹೋಗಿ ತನ್ನ ಹಳೆಯ ಕೆಲಸಗಳನ್ನೆಲ್ಲ ತೋರಿಸಿದಳು. ಕೊನೆಯಲ್ಲಿ ಒಂದು ಪೆಟ್ಟಿಗೆ ತೆಗೆದಳು. ಒಳಗೆ ಒಂದು ನರಿ. ಅರ್ಧ ಮೈಯಲ್ಲಿ ರೋಮವೇ ಇಲ್ಲ. ಮುಖ ಸೀದ ಸೌಟಿನ ಹಾಗಿತ್ತು, ಕಾಲ ಬಳಿ ಉದುರಿದ ಕೂದಲಿನ ರಾಶಿ. ಅವಳು ಬೆರಳನ್ನು ಹುಳದ ಹಾಗೆ ಕೊಂಕಿಸಿ ನಡೆಸಿ ತೋರಿಸಿದಳು. ಅಣ್ಣ ಹೇಳಿದ: ‘ಉಳ ಬಿದ್ರೆ ಇಂಗೇ ಕಣವ್ವ. ನಾವು ಪಾಷಾಣ ಬಳ್ದಿದ್ರೂ ಅದು ತೊಗಲಿಗಷ್ಟೆ. ರೋಮ ತಿಂದಾಕ್ತವೆ. ಅದ್ಕೇ ತಿನ್ನೋ ಸಾಮಾನು ಒಳೀಕೆ ಬೇಡ ಅಂತಾರೆ.’

ಮಡಿಯಲ್ಲ. ಹುಳ. ಆದರೂ, ನನ್ನ ಹಿಟ್ಟು ಶುದ್ಧವಾಗಿದೆ, ಮನೆಯಲ್ಲೇ ಬೀಸಿದ್ದು ಎಂದು ನನಗೆ ನಾನೇ ಹೇಳಿಕೊಂಡೆ.

ಡಬ್ಬಿ

ಬುಧವಾರ ಮಧ್ಯಾಹ್ನ ರೊಟ್ಟಿ ತಟ್ಟೋಣವೆಂದು ಅಕ್ಕಿಹಿಟ್ಟಿನ ಡಬ್ಬಿ ಬಗ್ಗಿಸಿದೆ. ಮೇಲಿನ ಹಿಟ್ಟು ಬಿತ್ತು. ತಳದ ಹಿಟ್ಟಿನ ಜೊತೆ ಕಂದು ಬಣ್ಣದ, ಎಳ್ಳಿಗಿಂತ ತುಸು ಉದ್ದದ, ಮೈತುಂಬ ರೋಮವಿದ್ದ ಹುಳಗಳು ತಟ್ಟೆಗೆ ಬಿದ್ದು ಹರಿದಾಡಿದವು. ಒಂದಲ್ಲ, ಎರಡಲ್ಲ.

ಆ ಪಾದಗಳು, ಆ ಹೊಟ್ಟೆಯ ನುಣುಪು ರೋಮ, ಆ ಬಾಲ ಕಣ್ಣ ಮುಂದೆ ಬಂದವು. ಸ್ಟೀಮ್ ಪೈಪು ಕಾಯಿಸಿ ಬೆಚ್ಚಗಿಟ್ಟ ಕೋಣೆ. ನಾಳೆ ಗಾಜು ಕೂರಿಸಿ ಸಂದಿಗೆಲ್ಲ ಮೇಣ ಮೆತ್ತುತ್ತಾರೆ. ಒಳಗೆ ಹುಳ, ಅದರ ಮುಂದೆ ಅಣ್ಣನ ಚಿರತೆ. ಹೊರಗಿನಿಂದ ಯಾರಿಗೂ ಕೈ ಹಾಕಲಾಗದು.

ತಟ್ಟೆ ಹಿಡಿದು ಅಣ್ಣನ ಮುಂದೆ ನಿಂತು ಎಲ್ಲ ಹೇಳಿದೆ. ಅವನು ತಟ್ಟೆಯನ್ನು ಮುಖದ ಹತ್ತಿರ ತಂದುಕೊಂಡ.

‘ಎಲ್ಲವ್ವ? ಏನೂ ಇಲ್ವಲ್ಲ.’

‘ಅಣ್ಣ, ತಟ್ಟೆ ತುಂಬ ಹರಿದಾಡ್ತಾವೆ!’

‘ಬರೀ ಇಟ್ಟು ಕಣೆ. ಸುಮ್ನೆ ಎದರಿಸ್ಬೇಡ.’

ಮುಚ್ಚಿಹಾಕಲು ಹೀಗನ್ನುತ್ತಿದ್ದಾನೆ ಎಂದು ಸಿಟ್ಟು ಬಂತು. ಅಷ್ಟರಲ್ಲಿ ಒಂದು ಹುಳ ತಟ್ಟೆಯ ಅಂಚು ದಾಟಿ ಅವನ ಹೆಬ್ಬೆರಳಿನ ಮೇಲೆ ಹತ್ತಿತು. ಅವನು ಅದನ್ನೇ ನೋಡುತ್ತಿದ್ದ. ರೆಪ್ಪೆ ಅಲುಗಲಿಲ್ಲ. ಹುಳ ಮಣಿಕಟ್ಟಿಗೆ ಬಂದು ಕಚಗುಳಿ ಆದಾಗ ಮಾತ್ರ ಬೆಚ್ಚಿ ಕೈ ಒದರಿದ.

ಹಡಗಿನ ಕಂಬಿ, ಬಾಗಿಲ ನಂಬರು, ಬೆರಳಿನಿಂದ ತಡವಿ ನೋಡಿದ ಹೊಲಿಗೆ ಎಲ್ಲ ಒಟ್ಟಿಗೇ ಬಂದು ನನ್ನ ತಲೆಗೆ ಹೊಡೆದವು. ಹುಳ ಕಂಡಾಗಲೂ ನಾನು ಅಷ್ಟು ಬೆದರಿರಲಿಲ್ಲ.

‘ಯಾವಾಗಿಂದ ಅಣ್ಣ?’

ಅವನು ತಟ್ಟೆಯನ್ನು ಮೆಲ್ಲಗೆ ನೆಲಕ್ಕಿಟ್ಟ. ‘ಎರಡೊರ್ಸ ಆಯ್ತು. ಬಲಗಣ್ಣು ಪೂರಾ ಓಗ್ಬುಟ್ಟದೆ. ಎಡದ್ರಾಗೆ ಒಗೆ ಆಡ್ದಂಗೆ ಕಾಣ್ತದೆ. ಯಜಮಾನ್ರಿಗೆ ಗೊತ್ತಿಲ್ಲ. ನಿಮ್ಮತ್ಗೆಗೂ ಗೊತ್ತಿಲ್ಲ.’

‘ನಂಗೂ ಏಳ್ಲಿಲ್ವಲ್ಲ!’

‘ಏಳಿದ್ರೆ ನೀನು ಅಳ್ತಿದ್ದೆ. ನೀನತ್ರೆ ಸೂಜಿ ಯಾರು ಇಡೀತಿದ್ರು?’ ಆಮೇಲೆ ನನ್ನ ಕೈ ಹಿಡಿದುಕೊಂಡ. ‘ನೋಡು ತಾಯಿ, ಈಗ ಬಾಯಿಬುಟ್ರೆ ಎಲ್ಲಾ ಕಿತ್ತಾಕ್ತಾರೆ. ನನ್ನ ಮುಂದ್ ನಿಲ್ಸಿ ಇದ್ ನೋಡಿ, ಅದ್ ನೋಡಿ ಅಂತಾರೆ. ಏನ್ ನೋಡ್ಲಿ ನಾನು? ಉಳ ಬೀಳ್ತದೋ ಇಲ್ವೋ. ಬುಟ್ಬುಡು.’

‘ಬಿದ್ರೆ? ನೀನ್ ಮಾಡಿರೋದ್ರಲ್ಲಿ ಕಡೇದು ಅದೇ ತಾನೆ?’

ಅವನು ಗೋಡೆ ಕಡೆ ತಿರುಗಿ ಕೂತ.

ನಾನು ತಟ್ಟೆಯಲ್ಲಿದ್ದುದನ್ನು ಡಬ್ಬಿಗೆ ಸುರಿದು ಮುಚ್ಚಳ ಬಿಗಿ ಮಾಡಿ, ಕಾಲುಚೀಲದ ಮೇಲೆ ಚಪ್ಪಲಿ ಹಾಕಿಕೊಂಡು, ಒಬ್ಬಳೇ ಟ್ರಾಮು ಹತ್ತಿದೆ. ಸಂತೆಬಾಚಹಳ್ಳಿ ಸಂತೆಗೆ ಒಬ್ಬಳೇ ಹೋದವಳಲ್ಲ ನಾನು. ಮ್ಯೂಸಿಯಮ್ಮಿನ ಹೊಸಿಲಾಚೆಯೇ ನಿಂತು ಹೆಲ್ಗಾಳನ್ನು ಕರೆಸಿದೆ. ಒಳಗೆ ಅದನ್ನು ಒಯ್ಯುವ ಧೈರ್ಯವಾಗಲಿಲ್ಲ. ಮಾತಿಲ್ಲವಲ್ಲ, ಏನು ಹೇಳಲಿ? ಮುಚ್ಚಳ ಒಂದು ಚೂರು ತೆಗೆದು ತೋರಿಸಿದೆ. ಬೆರಳಿನಿಂದ ರಂಗೋಲಿ ಬಿಟ್ಟಂತೆ ಗಾಳಿಯಲ್ಲಿ ಬಿಟ್ಟು, ಒಳಗಿನ ಚಿರತೆಯ ಕಡೆ ಕೈ ತೋರಿಸಿದೆ. ಆಮೇಲೆ ಎರಡು ಕೈಯಲ್ಲೂ ನನ್ನ ಕೆನ್ನೆಗೆ ಹೊಡೆದುಕೊಂಡೆ.

ಹೆಲ್ಗಾ ಡಬ್ಬಿ ಕಸಿದುಕೊಂಡು ಓಡಿಹೋಗಿ ಬಾಯ್ಲರಿನ ಬೆಂಕಿಗೆ ಎಸೆದಳು. ಹಿಂದಿರುಗಿ ಬಂದು ನನ್ನ ಎದುರು ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆಯಲಿ ಎಂದೂ ಅಂದುಕೊಂಡೆ. ಅವಳು ಕೆನ್ನೆಗೆ ಹೊಡೆದುಕೊಂಡ ನನ್ನ ಕೈಗಳನ್ನು ಕೆಳಗಿಳಿಸಿ, ತನ್ನ ಮೇಲಂಗಿ ಬಿಚ್ಚಿ ನನಗೆ ತೊಡಿಸಿದಳು. ನಾನು ಬರೀ ಸೀರೆಯಲ್ಲಿ ಬಂದಿದ್ದು ನನಗೇ ಗೊತ್ತಿರಲಿಲ್ಲ.

ಹಿಂದಿನ ಅಂಗಳ

ಗುರುವಾರ ಗಾಜು ಕೂರಿಸಲಿಲ್ಲ. ಮುಖ್ಯಸ್ಥರು ಬಂದು ಕೆಂಪಾದ ಮುಖದಲ್ಲಿ ಹೆಲ್ಗಾಳ ಜೊತೆ ಬಹಳ ಹೊತ್ತು ಮಾತಾಡಿದರು. ಹೇಳಿಕಳಿಸಿದ್ದರಿಂದ ಅಣ್ಣನೂ ಬಂದ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡು ನನಗೆ ಹೇಳಿದ: ‘ಗಾಜಿನ್ ಒಳಗೆ ಓಗಿದ್ರೆ ಒಂದೊರ್ಸಕ್ಕೆ ಬೋಳಾಗೋದು, ಬಂದ್ ಏಳಿದ್ದು ಒಳ್ಳೇದಾಯ್ತು ಅಂತ ಆಯಮ್ಮ ವಾದಿಸ್ತಾವ್ರೆ.’ ಆಮೇಲೆ, ‘ನೀನು ಓಗಿದ್ದು ಸರಿ’ ಎಂದ.

ಹಿಮವನ್ನೆಲ್ಲ ಕೆರೆದು ಬಾಯ್ಲರಿನ ಬೆಂಕಿಗೆ ಸುರಿದರು. ನಾಲ್ಕು ಜನ ಚಿರತೆಯನ್ನು ಹಲಗೆ ಸಮೇತ ಎತ್ತಿಕೊಂಡು ಹೋಗಿ ಹಿಂದಿನ ಅಂಗಳದಲ್ಲಿ, ಮೂರು ಕಡೆ ತೆರೆದ ಮಾಡಿನ ಕೆಳಗೆ ನಿಲ್ಲಿಸಿದರು. ಹೊರಗೆ ಬಕೆಟ್ಟಿನ ನೀರು ಕಲ್ಲಾಗಿತ್ತು. ಆ ಚಳಿಗೆ ಹುಳವೂ ಮೊಟ್ಟೆಯೂ ಸಾಯುತ್ತವೆ, ಐದಾರು ದಿನ ಅಲ್ಲಿರಲಿ ಎಂಬುದು ಹೆಲ್ಗಾಳ ಲೆಕ್ಕ.

ಅಣ್ಣ ಅದರ ಸುತ್ತ ತಡವರಿಸುತ್ತ ಸುತ್ತಿದ. ಎಲ್ಲರೂ ಒಳಗೆ ಹೋಗುವಾಗ ತನ್ನ ಹೆಗಲ ಕಂಬಳಿ ತೆಗೆದು ಚಿರತೆಯ ಬೆನ್ನಿಗೆ ಹೊದಿಸಿದ. ಹೆಲ್ಗಾ ಬೆಪ್ಪಾಗಿ ನೋಡಿದಳು.

‘ಅಣ್ಣ, ಚಳಿಗೇ ಅಲ್ವಾ ಅದನ್ನ ಇಲ್ಲಿ ನಿಲ್ಸಿರೋದು?’

‘ಗೊತ್ತು ಕಣೆ. ಸತ್ತಿರೋದು ಅಂತಾನೂ ಗೊತ್ತು’ ಎಂದು ಗದರಿ, ಕಂಬಳಿ ಹಿಂದಕ್ಕೆ ತೆಗೆದುಕೊಂಡ.

ಮಾರನೆಯ ಬೆಳಿಗ್ಗೆ ಎದ್ದಾಗ ಕಿಟಕಿಯಾಚೆ ಊರೇ ಇರಲಿಲ್ಲ. ರಸ್ತೆ, ಗಾಡಿ, ಮರ ಯಾವುದೂ ಇಲ್ಲ. ನಿಜವಾದ ಹಿಮ ಅದು. ಎಷ್ಟು ಬಿದ್ದಿತ್ತೋ, ಅದು ಬೀಳುವಾಗ ಒಂದು ಸದ್ದೂ ಆಗಿರಲಿಲ್ಲ. ಮಳೆಯಾದರೆ ಹೆಂಚಿನ ಮೇಲೆ ಹೇಳಿ ಬರುತ್ತದೆ. ಇದು ಹೇಳದೆ ಕೇಳದೆ ಎಲ್ಲವನ್ನೂ ಮುಚ್ಚಿ ಸುಮ್ಮನೆ ಕೂತಿದ್ದು ನೋಡಿ ನನಗೆ ಹೆದರಿಕೆಯಾಯಿತು.

ಅಣ್ಣ ಕೂಗಿದ: ‘ನೆನೆದೋಯ್ತು ಕಣವ್ವ! ಚಿರ್ತೆ ನೆನೆದೋಯ್ತು!’

ಇಬ್ಬರೂ ಬಿದ್ದು ಎದ್ದು ಓಡಿದೆವು. ಹೆಲ್ಗಾ ಆಗಲೇ ಅಂಗಳದಲ್ಲಿದ್ದಳು, ಅಲುಗದೆ ನಿಂತಿದ್ದಳು. ಗಾಳಿ ಮಾಡಿನೊಳಕ್ಕೆ ಓರೆಯಾಗಿ ಹಿಮ ನುಗ್ಗಿಸಿತ್ತು. ಚಿರತೆ ಹಿಮದಲ್ಲಿ ನಿಂತಿತ್ತು. ಎಡಮೈಯೆಲ್ಲ ಬಿಳಿ, ಬಲಮೈಯಲ್ಲಿ ಚುಕ್ಕಿಗಳು ಹಾಗೇ. ನೆತ್ತಿಯ ಮೇಲೆ, ಹುಬ್ಬಿನ ರೋಮದ ತುದಿಯಲ್ಲಿ, ಬೆನ್ನ ಏಣಿನ ಉದ್ದಕ್ಕೂ ಹಿಮ. ಗಲ್ಲದ ಕೆಳಗೆ ಒಂದು ಕಾಳೂ ಇಲ್ಲ. ಪ್ರತಿ ಪಾದಕ್ಕೂ ಗಾಳಿ ಬಂದ ಕಡೆ ಗುಪ್ಪೆ, ಆಚೆ ಕಡೆ ಬೊಗಸೆಯಷ್ಟು ತಗ್ಗು. ಆ ತಗ್ಗಿನಲ್ಲಿ ನೀಲಿ. ಗಾಜಿನ ಕಣ್ಣು ನಮ್ಮನ್ನೇ ನೋಡುತ್ತಿತ್ತು. ಅದು ಈಗ ಮೈ ಕೊಡವುತ್ತದೆ ಎಂದು ನಾನು ಹಿಂದಕ್ಕೆ ಸರಿದೆ, ಮಕ್ಕಳೇ. ನನ್ನ ಕೈಯಾರೆ ಹೊಲಿದದ್ದು, ಆದರೂ ಸರಿದೆ.

‘ಎಂಗದೆ? ಏಳು, ಎಂಗದೆ?’ ಎಂದು ಅಣ್ಣ ನನ್ನ ತೋಳು ಅಲುಗಿಸಿದ.

ಹೇಳಿದೆ. ಎಲ್ಲಿ ಬಿಳಿ, ಎಲ್ಲಿ ಇಲ್ಲ, ಎಷ್ಟೆಷ್ಟು ಎಂದು ಬಿಡದೆ ಹೇಳಿದೆ. ಅವನು ಕೈ ನೀಡಿ ಬೆನ್ನ ಮೇಲಿನದನ್ನು ಮುಟ್ಟಿದ. ನೀರಾಗಿರಲಿಲ್ಲ. ಹಿಟ್ಟಿನಂತೆ ಒಣಗಿತ್ತು, ಊದಿದರೆ ಹಾರಿತು. ಅವನ ಉಸಿರು ಆಗ ಕೆಳಗಿಳಿಯಿತು.

‘ನಾವು ನೆಲಕ್ಕಷ್ಟೇ ಇಮ ಮಾಡಿದ್ವಿ’ ಎಂದ. ‘ರೋಮದ ಮೇಲೆ ಏನೂ ಬೀಳಬಾರ್ದು ಅಂತ ನಾನೇ ಅಡ್ಡ ನಿಂತಿದ್ದೆ. ಇಮಕ್ಕೆ ಯಾರ್ ಅಡ್ಡ ನಿಲ್ತಾರೆ? ಮೈಮೇಲೂ ಬೀಳ್ಲಿ ಅಂತ ಆಯಮ್ಮಂಗೆ ಏಳ್ತೀನಿ.’

ಗಾಜು

ದಿನವೂ ಚಿರತೆಯ ಕೆಳಗೆ ಬಿಳಿ ಹಾಳೆ ಹಾಸಿ, ಮೆತ್ತನೆಯ ಕುಂಚದಿಂದ ರೋಮ ತಟ್ಟುತ್ತಿದ್ದೆವು. ಮೊದಲ ದಿನ ಆರು ಹುಳ ಬಿದ್ದವು, ಸೆಟೆದು ಸತ್ತಿದ್ದವು. ಎರಡನೆಯ ದಿನ ಎರಡು. ನಾಲ್ಕನೆಯ ದಿನ ಹಾಳೆ ಬರಿದು. ಐದು, ಆರು, ಏಳನೆಯ ದಿನವೂ ಬರಿದು. ಹೆಲ್ಗಾ ಭೂತಗನ್ನಡಿ ಹಿಡಿದು ಹಾಳೆ ನೋಡಿ ಅಣ್ಣನ ಕೈಗೆ ಕೊಟ್ಟಳು. ಅವನು ಕನ್ನಡಿಯನ್ನು ಪಕ್ಕಕ್ಕಿಟ್ಟು, ಹಾಳೆಯನ್ನು ಅಂಗೈಯಿಂದ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸವರಿದ. ಅವಳು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳಿಗೆ ಅರ್ಥವಾಯಿತು. ಮುಖ್ಯಸ್ಥರಿಗೆ ಅವಳು ಹೇಳಲಿಲ್ಲ.

ಹೊಸ ಅಮೃತಶಿಲೆ ಪುಡಿಯನ್ನು ತೊಳೆದು, ಒಲೆಯಲ್ಲಿ ಹುರಿದು, ಮತ್ತೆ ಶುರು ಮಾಡಿದೆವು. ಗಾಳಿ ಯಾವ ಕಡೆಯಿಂದ ಬಂತು ಎಂಬುದನ್ನು ಮೊದಲು ಗೊತ್ತು ಮಾಡಿಕೊಂಡು, ಆ ಕಡೆಯಿಂದಲೇ ಚಿಟಿಕೆ ಬಿಟ್ಟೆ. ಎಡಮೈ, ನೆತ್ತಿ, ಹುಬ್ಬು. ಪಾದದ ಆಚೆ ತಗ್ಗು. ನಾಲ್ಕು ದಿನ ಹಿಡಿಯಿತು. ನನ್ನ ಬೆರಳು ಬಿರಿದು ರಕ್ತ ಬಂದರೆ ಹೆಲ್ಗಾ ಬಟ್ಟೆ ಸುತ್ತುತ್ತಿದ್ದಳು, ರಕ್ತವೂ ಒಳಗೆ ಬೀಳಬಾರದೆಂದು.

ಗಾಜು ಹೊತ್ತ ಬಡಗಿಗಳು ಬಂದು ನಿಂತಾಗ ಅಣ್ಣ ಒಂದು ನಿಮಿಷ ಎಂದು ಬೆರಳೆತ್ತಿದ. ಹೆಲ್ಗಾ ಅವನ ಮೊಣಕೈ ಹಿಡಿದು ಬೆಟ್ಟದ ಅಂಚಿಗೆ ತಂದಳು. ಅವನು ಹಿಮವಿಲ್ಲದ ಬಲಮೈಯಲ್ಲಿ ಕೈಯಾಡಿಸಿದ. ಕಿವಿ, ಕತ್ತು, ಭುಜ, ನಾನು ಹೊಲಿದ ಹೊಟ್ಟೆ, ಹಿಂಗಾಲು, ಬಾಲದ ತುದಿಯವರೆಗೆ. ಬಾಲಕ್ಕೆ ಬಗ್ಗುವಾಗ ಆಯ ತಪ್ಪಿ ಇನ್ನೊಂದು ಕೈಯನ್ನು ಇಳಿಜಾರಿಗೆ ಊರಿದ. ಎದ್ದು, ಪಂಚೆ ಕೊಡವಿಕೊಂಡು, ‘ಆಯ್ತು, ಮುಚ್ಲಿ’ ಎಂದ.

ಅವನು ಕೈ ಊರಿದಲ್ಲಿ ಹಿಮದ ಮೇಲೆ ಐದು ಬೆರಳೂ ಅಂಗೈಯೂ ಅಚ್ಚಾಗಿ ಬಿದ್ದಿತ್ತು. ಹೆಬ್ಬೆರಳಿನ ಮೇಲಿನ ಹಳೆಯ ಗಾಯದ ಗೆರೆ ಕೂಡ. ಬಡಗಿಗಳು ಕಾಯುತ್ತಿದ್ದರು. ಹೆಲ್ಗಾ ಬಟ್ಟಲನ್ನು ನನ್ನ ಮುಂದೆ ಹಿಡಿದಳು, ಹಾಕು ಎಂದೂ ಬೇಡ ಎಂದೂ ಸನ್ನೆ ಮಾಡಲಿಲ್ಲ.

ಆ ಬೆಟ್ಟದಲ್ಲಿ ಮನುಷ್ಯರು ಇರಬಾರದಿತ್ತು. ನಾನು ಬಗ್ಗಿ ಒಂದು ಚಿಟಿಕೆ ಬಿಟ್ಟೆ. ಬೆರಳುಗಳು ಹೋದವು. ಇನ್ನೊಂದು ಬಿಟ್ಟೆ. ಮೂರನೆಯದಕ್ಕೆ ಅಂಗೈಯೂ ಮುಚ್ಚಿಹೋಯಿತು. ಅಣ್ಣ ಬಾಗಿಲ ಬಳಿ ನನ್ನ ಚಪ್ಪಲಿಯನ್ನು ಕಾಲಿನಿಂದ ತಡಕಿ ಹುಡುಕಿ ಜೋಡಿಸಿ ಇಡುತ್ತಿದ್ದ. ಗಾಜು ಬಂದು ಕೂತಿತು.